ಹನ್ನೆರಡು ಸಲ ಅದೇ ಬೆಳ್ಳಿ ತಟ್ಟೆ

ವರ್ಷದೊಳಗೆ ಇಡೀ ಬೈಬಲ್ ಓದಿ ಮುಗಿಸ್ತೀನಿ ಅಂತ ಜನವರಿ 1ಕ್ಕೆ ಹೊರಟವರು ಎಲ್ಲಿ ನಿಂತುಬಿಡುತ್ತಾರೆ ಅಂತ ಚರ್ಚಿನ ಸಭೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬೈಬಲಿನ ಮೂರನೆಯ ಪುಸ್ತಕವಾದ ಯಾಜಕಕಾಂಡದಲ್ಲಿ. ಆದಿಕಾಂಡ ಕಥೆಯಂತೆ ಓಡುತ್ತದೆ. ವಿಮೋಚನಕಾಂಡದ ಅರ್ಧದವರೆಗೂ ಸಮುದ್ರ ಇಬ್ಭಾಗವಾಗುವುದು, ಮನ್ನ, ಸೀನಾಯಿ ಬೆಟ್ಟ ಎಲ್ಲ ಇದೆ. ಆಮೇಲೆ ಆರಾಧನೆಯ ಗುಡಾರದ ಅಳತೆ, ಪರದೆ, ಕೊಂಡಿ, ಯಜ್ಞದ ಕೊಬ್ಬು, ಕುಷ್ಠದ ಮಚ್ಚೆ. ಅಷ್ಟು ಹೊತ್ತಿಗೆ ಜನವರಿಯೂ ಮುಗಿಯುತ್ತಾ ಬಂದಿರುತ್ತದೆ, ಉತ್ಸಾಹವೂ.

ಲೆಕ್ಕ ಕಷ್ಟದ್ದಲ್ಲ. 1189 ಅಧ್ಯಾಯ, 365 ದಿನ. ದಿನಕ್ಕೆ ಮೂರು, ಆಗೀಗ ನಾಲ್ಕು. ಮೊದಲಿನಿಂದ ಸಾಲಾಗಿ ಹೋದರೆ ಫೆಬ್ರವರಿ ಮೊದಲ ವಾರಕ್ಕೆ ಅರಣ್ಯಕಾಂಡ ಸಿಗುತ್ತದೆ. ಅದರ 7ನೇ ಅಧ್ಯಾಯಕ್ಕೆ 89 ವಚನ. ನಾನು ಹೇಳಹೊರಟಿರುವುದು ಆ ಅಧ್ಯಾಯ ಓದಿದ ಸಂಜೆಯ ಬಗ್ಗೆ. ಆದರೆ ಅದಕ್ಕೂ ಮುಂಚಿನದನ್ನು ಸ್ವಲ್ಪ ಹೇಳಬೇಕು.

ನಮ್ಮ ಸಭೆಯಲ್ಲಿ ವರ್ಷದ ಮೊದಲ ಭಾನುವಾರ ಒಡಂಬಡಿಕೆ ಆರಾಧನೆ, ಅಂದರೆ ದೇವರಿಗೆ ಕೊಟ್ಟ ಮಾತನ್ನು ಹೊಸದಾಗಿಸುವ ಆರಾಧನೆ, ನಡೆಯುತ್ತದೆ. ಇದನ್ನು ಶುರುಮಾಡಿದವರು ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ, 1755ರಲ್ಲಿ, ಲಂಡನ್ನಿನಲ್ಲಿ. ಮೊದಲನೆಯದು ನಡೆದದ್ದು ಆಗಸ್ಟಿನಲ್ಲಿ. ಆಮೇಲೆ ಮೆಥಡಿಸ್ಟರಲ್ಲಿ ಅದು ಹೊಸ ವರ್ಷಕ್ಕೆ ಅಂಟಿಕೊಂಡಿತು. ಅದರಲ್ಲಿ ಎಲ್ಲರೂ ಸೇರಿ ಹೇಳುವ ಒಂದು ಪ್ರಾರ್ಥನೆ ಇದೆ. ನಾನು ಇನ್ನು ನನ್ನ ಸ್ವಂತದವಳಲ್ಲ, ನಿನ್ನವಳು ಅಂತ ಶುರುವಾಗುತ್ತದೆ. ನಿನಗಾಗಿ ಕೆಲಸಕ್ಕೆ ಹಚ್ಚು, ಇಲ್ಲವೇ ನಿನಗಾಗಿ ಬದಿಗಿಡು ಅನ್ನುವ ಅರ್ಥದ ಒಂದು ಮಾತು ಮಧ್ಯದಲ್ಲಿ ಬರುತ್ತದೆ. ಪ್ರತಿ ವರ್ಷ ಹೇಳಿದ್ದೇನೆ. ಮೊದಲರ್ಧವನ್ನು ಜೋರಾಗಿ ಹೇಳುತ್ತೇವೆ, 'ಬದಿಗಿಡು' ಅನ್ನುವಲ್ಲಿ ಇಡೀ ಸಭೆಯ ದನಿ ಒಂದು ಮೆಟ್ಟಿಲು ಇಳಿಯುತ್ತದೆ. ನೀವೂ ಗಮನಿಸಿ ನೋಡಿ.

ಆ ಭಾನುವಾರ ಪಾಸ್ಟರ್ ಬೈಬಲಿನ ನೆಹೆಮೀಯ ಪುಸ್ತಕದ 10ನೇ ಅಧ್ಯಾಯದ ಮೇಲೆ ಮಾತಾಡಿದರು. ಬಾಬೆಲಿನ ಸೆರೆಯಿಂದ ಹಿಂತಿರುಗಿದ ಯೆಹೂದ್ಯರು ಯೆರೂಸಲೇಮಿನ ಗೋಡೆ ಕಟ್ಟಿ ಮುಗಿಸಿದ್ದಾರೆ. ಏಳನೇ ತಿಂಗಳ ಮೊದಲ ದಿನ ನೀರುಬಾಗಿಲ ಮುಂದೆ ಸೇರಿ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಯಾಜಕ ಎಜ್ರ ಓದಿದ ಧರ್ಮಶಾಸ್ತ್ರ ಕೇಳುತ್ತಾರೆ. ಯೆಹೂದ್ಯರು ಈಗ ಹೊಸ ವರ್ಷ ಆಚರಿಸುವುದೂ ಅದೇ ದಿನ. ಅದೇ ತಿಂಗಳ 24ನೇ ದಿನ ಉಪವಾಸವಿದ್ದು, ಪಾಪ ಒಪ್ಪಿಕೊಂಡು, ಕೊನೆಗೆ ಒಂದು ಒಡಂಬಡಿಕೆಯನ್ನು ಬರೆದು ಮುದ್ರೆ ಒತ್ತುತ್ತಾರೆ. ಎಂಬತ್ತಕ್ಕೂ ಹೆಚ್ಚು ಹೆಸರುಗಳಿವೆ. ಅನ್ಯಜನರೊಂದಿಗೆ ಮದುವೆ ಸಂಬಂಧ ಮಾಡಲ್ಲ, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ದಿನ ವ್ಯಾಪಾರ ಮಾಡಲ್ಲ, ನಮ್ಮ ದೇವರ ಆಲಯವನ್ನು ಕೈಬಿಡಲ್ಲ. ಚೆನ್ನಾಗಿ ಮಾತಾಡಿದರು ಪಾಸ್ಟರ್. ಎಲ್ಲರಿಗೂ ಒಂದೊಂದು ಬಿಳಿ ಕಾಗದ ಕೊಟ್ಟು, ಈ ವರ್ಷ ದೇವರ ಮುಂದೆ ನಿಮ್ಮ ತೀರ್ಮಾನ ಬರೆಯಿರಿ ಅಂದರು.

ನಾನು ಬರೆದೆ. ಬೆಳಗ್ಗೆ ಬೇಗ ಎದ್ದು ಪ್ರಾರ್ಥನೆ. ಶುಕ್ರವಾರ ಉಪವಾಸ. ದೇವರಿಗೆ ಕೊಡುವ ಹತ್ತನೇ ಪಾಲನ್ನು, ಅಂದರೆ ದಶಾಂಶವನ್ನು, ತಿಂಗಳ ಮೊದಲೇ ತೆಗೆದಿಡುವುದು. ಇಡೀ ಬೈಬಲ್. ಫೋನ್ ಕಡಿಮೆ. ಓದಿದರೆ ನನಗೇ ಖುಷಿಯಾಗುವಂಥ ಪಟ್ಟಿ.

ಆರಾಧನೆ ಮುಗಿದ ಮೇಲೆ ಒಂದು ಪ್ರಕಟಣೆ ಇತ್ತು. ನಮ್ಮ ಸಭೆಯ ಟೀಚರ್‌ಗೆ ಕಣ್ಣು ತೀರಾ ಮಂಜಾಗಿದೆ, ಸಂಜೆ ಹೊತ್ತು ಯಾರಾದರೂ ಹೋಗಿ ವಾಕ್ಯ ಓದಿ ಹೇಳಿದರೆ ಒಳ್ಳೆಯದು ಅಂತ. ಟೀಚರ್ ಅಂದರೆ ಸಭೆಯಲ್ಲಿ ಒಬ್ಬರೇ. ಅರ್ಧ ಸಭೆಗೆ ಭಾನುವಾರ ಶಾಲೆ ನಡೆಸಿದವರು. ನನಗೂ. ಅವರ ಮನೆ ನಾನು ಕೆಲಸದಿಂದ ಬರುವ ದಾರಿಯಲ್ಲೇ ಇದೆ. ನನ್ನ ಪಾಲಿನ ಅಧ್ಯಾಯಗಳನ್ನೇ ಅವರಿಗೆ ಗಟ್ಟಿಯಾಗಿ ಓದಿದರೆ ಎರಡೂ ಆಯಿತಲ್ಲ ಅಂದುಕೊಂಡು ಹೂಂ ಅಂದೆ.

ಅವರ ಕಣ್ಣಿನ ತೊಂದರೆ ವಿಚಿತ್ರವಾದದ್ದು. ವಯಸ್ಸಾದವರಿಗೆ ಬರುವಂಥದ್ದು. ನೋಟದ ನಡುಭಾಗ ಅಳಿಸಿಹೋಗಿ ಅಂಚು ಮಾತ್ರ ಉಳಿಯುತ್ತದೆ. ಎದುರಿಗೆ ಕೂತವರ ಮುಖ ಕಾಣಲ್ಲ, ಕಿವಿ, ಭುಜ, ಪಕ್ಕದ ಬಾಗಿಲು ಕಾಣುತ್ತದೆ. ಹಾಗಾಗಿ ಅವರು ನನ್ನನ್ನು ನೋಡಬೇಕಾದಾಗ ನನ್ನ ಪಕ್ಕದ ಗೋಡೆಯನ್ನು ನೋಡುತ್ತಾರೆ. ಮೊದಮೊದಲು ನನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿ ನಾನೂ ತಿರುಗಿ ನೋಡುತ್ತಿದ್ದೆ. ಅವರಿಗೆ ನಗು. "ಯಾರೂ ಇಲ್ಲಮ್ಮಾ, ನಿನ್ನನ್ನೇ ನೋಡ್ತಿರೋದು."

ಫೋನಿನಲ್ಲಿ ಬೈಬಲ್ ಓದಿ ಕೇಳಿಸುವ ಆ್ಯಪ್ ಇದೆ. ಮೊಮ್ಮಗ ಹಾಕಿಕೊಟ್ಟಿದ್ದಾನೆ. "ಅದರಲ್ಲಿ ಓದೋನಿಗೆ ನಾನು ಕೇಳ್ತಿದ್ದೀನೋ ನಿದ್ದೆ ಮಾಡ್ತಿದ್ದೀನೋ ಗೊತ್ತಾಗಲ್ಲ. ನಿಲ್ಲಿಸಪ್ಪಾ, ಇದು ಯಾಕೆ ಹೀಗೆ ಅಂತ ಕೇಳೋಕೂ ಆಗಲ್ಲ" ಅಂದರು.

ಮೊದಲ ಸಂಜೆಯೇ ಭಾನುವಾರದ ಪ್ರಸಂಗ ಯಾವುದರ ಮೇಲೆ ಅಂತ ಕೇಳಿದರು. ನೆಹೆಮೀಯ 10 ಅಂದೆ.

"13ಕ್ಕೆ ಹೋದರಾ?"

"ಇಲ್ಲ ಟೀಚರ್."

"ಜನವರಿಯಲ್ಲಿ ಯಾರೂ ಹೋಗಲ್ಲ ಬಿಡು. ಓದು ನೋಡೋಣ."

ಓದಿದೆ. ಗೋಡೆ ಕಟ್ಟಿಸಿದ ನೆಹೆಮೀಯ ಪಾರಸಿಯ ರಾಜನ ಬಳಿಗೆ ಹೋಗಿ ಸ್ವಲ್ಪ ಕಾಲದ ನಂತರ ಹಿಂತಿರುಗುತ್ತಾನೆ. ನೋಡಿದರೆ ದೇವಾಲಯದ ಉಗ್ರಾಣದ ಕೋಣೆಯನ್ನು, ಗೋಡೆ ಕಟ್ಟುವುದಕ್ಕೆ ಅಡ್ಡಬಂದಿದ್ದ ಟೋಬೀಯ ಅನ್ನುವವನಿಗೆ ಬಿಟ್ಟುಕೊಟ್ಟಿದ್ದಾರೆ. ಆಲಯದ ಸೇವೆ ಮಾಡುವ ಲೇವಿಯರಿಗೆ ಪಾಲು ಸಿಗದೆ ಅವರೆಲ್ಲ ತಮ್ಮ ತಮ್ಮ ಹೊಲಗಳಿಗೆ ಹೋಗಿದ್ದಾರೆ. ಸಬ್ಬತ್ ದಿನ ದ್ರಾಕ್ಷಿ ತುಳಿಯುತ್ತಿದ್ದಾರೆ, ಸಾಮಾನು ಹೇರಿಕೊಂಡು ಬರುತ್ತಿದ್ದಾರೆ. ಮದುವೆಗಳೂ ಹಿಂದಿನಂತೆಯೇ. ಕೈಬಿಡಲ್ಲ ಅಂತ ಯಾವ ಯಾವುದನ್ನು ಬರೆದು ಮುದ್ರೆ ಒತ್ತಿದ್ದರೋ ಅದನ್ನೇ, ಒಂದನ್ನೂ ಬಿಡದೆ, ಮುರಿದಿದ್ದಾರೆ. ನೆಹೆಮೀಯನಿಗೆ ಸಿಟ್ಟು ಬಂದು ಕೆಲವರ ಕೂದಲನ್ನೇ ಕೀಳುತ್ತಾನೆ. ಅಲ್ಲಿ ಟೀಚರ್ ಬಾಯಿಗೆ ಸೆರಗು ಹಿಡಿದು ನಕ್ಕರು. "ಪಾಸ್ಟರ್‌ಗೆ ಹೇಳಬೇಡ ಇದನ್ನ" ಅಂದರು.

ನಾನು ಮನೆಗೆ ಬಂದು ನನ್ನ ಕಾಗದವನ್ನು ಮತ್ತೆ ನೋಡಿದೆ. ಪಟ್ಟಿ ಬರೆಯುವುದು ನಮ್ಮ ಕಾಲದ ಚಪಲವಲ್ಲ. ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ 1722-23ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, 70 ತೀರ್ಮಾನಗಳನ್ನು ಬರೆದಿಟ್ಟುಕೊಂಡಿದ್ದರು. ವಾರಕ್ಕೊಮ್ಮೆ ಎಲ್ಲವನ್ನೂ ಓದಿಕೊಳ್ಳಬೇಕು ಅನ್ನುವುದೂ ಅವರ ನಿಯಮ. ಸಮಯ ಹಾಳುಮಾಡಬಾರದು, ಕೋಪದಲ್ಲಿ ಮಾತಾಡಬಾರದು, ಹೀಗೆ. ಓದಿದರೆ ನಾಚಿಕೆಯಾಗುವಷ್ಟು ಗಟ್ಟಿ ಪಟ್ಟಿ. ಅದೇ ಎಡ್ವರ್ಡ್ಸ್ 1731ರಲ್ಲಿ ಸುಮಾರು 14 ವರ್ಷದ ಒಬ್ಬ ಹುಡುಗಿಯನ್ನು ಗುಲಾಮಳಾಗಿ ಕೊಂಡರು. ಎಪ್ಪತ್ತು ಸಾಲುಗಳಲ್ಲಿ ಯಾವುದೂ ಅದಕ್ಕೆ ಅಡ್ಡ ಬರಲಿಲ್ಲ. ಇದನ್ನು ಅವರನ್ನು ಹಳಿಯಲಿಕ್ಕೆ ಹೇಳುತ್ತಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ನನ್ನ ಕಾಗದದಲ್ಲಿ ನಾನು ಒಬ್ಬಳೇ ಇದ್ದೆ. ಬೇರೆ ಮನುಷ್ಯರು ಯಾರೂ ಇರಲಿಲ್ಲ.

ಯಾಜಕಕಾಂಡ ದಾಟಿದೆವು. ಟೀಚರ್ ಜೊತೆ ಅದು ಅಷ್ಟೇನೂ ಬೇಸರ ಆಗಲಿಲ್ಲ. 19ನೇ ಅಧ್ಯಾಯದಲ್ಲಿ ಹೊಲದ ಮೂಲೆಯ ಪೈರನ್ನು ಬಡವರಿಗೆ ಬಿಡಬೇಕು, ಕಿವುಡನನ್ನು ಬೈಯಬಾರದು, ಕುರುಡನ ಮುಂದೆ ಎಡವುವಂಥದ್ದನ್ನು ಇಡಬಾರದು ಅಂತ ಬಂದಾಗ ಅವರು ಕಾಲಿನಿಂದ ನನ್ನ ಚೀಲವನ್ನು ಮೆಲ್ಲಗೆ ತಟ್ಟಿದರು. ನಾನದನ್ನು ಬಾಗಿಲ ಹತ್ತಿರವೇ ನೆಲದ ಮೇಲೆ ಇಟ್ಟಿದ್ದೆ. ಎತ್ತಿಟ್ಟೆ. ಓದು ಮುಂದುವರಿಯಿತು.

ಈಗ ಆ ಸಂಜೆ. ಕೆಲಸ ಜಾಸ್ತಿ ಇದ್ದ ದಿನ. ಬರುವಾಗಲೇ ತಲೆ ಸಿಡಿಯುತ್ತಿತ್ತು. ಅರಣ್ಯಕಾಂಡ 7 ತೆಗೆದೆ. ಗುಡಾರ ಎತ್ತಿ ನಿಲ್ಲಿಸಿ ಅಭಿಷೇಕಿಸಿದ ಮೇಲೆ ಇಸ್ರಾಯೇಲಿನ ಹನ್ನೆರಡು ಕುಲಗಳ ಮುಖ್ಯಸ್ಥರು ಆರು ಗಾಡಿ, ಹನ್ನೆರಡು ಎತ್ತು ತಂದು ಒಪ್ಪಿಸುತ್ತಾರೆ. ಮೋಶೆ ಅದನ್ನು ಗುಡಾರ ಹೊರುವ ಲೇವಿಯರಿಗೆ ಹಂಚುತ್ತಾನೆ. ಅವರಲ್ಲಿ ಮೂರು ಮನೆತನ. ಗೇರ್ಷೋನ್ಯರಿಗೆ ಎರಡು ಗಾಡಿ, ಮೆರಾರೀಯರಿಗೆ ನಾಲ್ಕು. ಕೆಹಾತ್ಯರಿಗೆ ಏನೂ ಇಲ್ಲ. ಯಾಕೆಂದರೆ ಅವರು ಹೊರುವುದು ಪವಿತ್ರ ವಸ್ತುಗಳನ್ನು. ಹೆಗಲ ಮೇಲೆಯೇ ಹೊರಬೇಕು.

"ನಿಲ್ಲಿಸು" ಅಂದರು. "ನೋಡಿದೆಯಾ? ಎಲ್ಲದಕ್ಕೂ ಗಾಡಿ ಸಿಗಲ್ಲ." ಪಕ್ಕದ ಮೇಜಿನ ಮೇಲಿದ್ದ ಫೋನಿನ ಕಡೆ ಗದ್ದ ತೋರಿಸಿದರು.

ಆಮೇಲೆ ಕಾಣಿಕೆಗಳ ವಿವರ. ದಿನಕ್ಕೊಬ್ಬ ಮುಖ್ಯಸ್ಥನ ಸರದಿ. ಮೊದಲ ದಿನ ಯೆಹೂದ ಕುಲದ ನಹಶೋನ. ಅವನು ತಂದದ್ದು 130 ಶೆಕೆಲ್ ತೂಕದ ಒಂದು ಬೆಳ್ಳಿ ತಟ್ಟೆ, 70 ಶೆಕೆಲಿನ ಒಂದು ಬೆಳ್ಳಿ ಬಟ್ಟಲು, ಎರಡರ ತುಂಬ ಎಣ್ಣೆ ಬೆರೆಸಿದ ಹಿಟ್ಟು. 10 ಶೆಕೆಲಿನ ಚಿನ್ನದ ಧೂಪಾರತಿ, ಅದರ ತುಂಬ ಧೂಪ. ಸರ್ವಾಂಗಹೋಮಕ್ಕೆ ಒಂದು ಹೋರಿ, ಒಂದು ಟಗರು, ಒಂದು ಕುರಿ. ದೋಷಪರಿಹಾರಕ್ಕೆ ಒಂದು ಹೋತ. ಸಮಾಧಾನಯಜ್ಞಕ್ಕೆ ಎರಡು ಎತ್ತು, ಐದು ಟಗರು, ಐದು ಹೋತ, ಐದು ಕುರಿ. ಎರಡನೆಯ ದಿನ ಇಸ್ಸಾಕಾರ್ ಕುಲದ ನೆತನೇಲ. ಅವನು ತಂದದ್ದು 130 ಶೆಕೆಲ್ ತೂಕದ ಒಂದು ಬೆಳ್ಳಿ ತಟ್ಟೆ...

ಕಣ್ಣು ಕೆಳಗೆ ಓಡಿಸಿದೆ. ಪುಟ ತಿರುಗಿಸಿದೆ. ಹನ್ನೆರಡನೆಯವನವರೆಗೂ ಅದೇ.

"ಟೀಚರ್, ಇನ್ನು ಹತ್ತು ಜನರದ್ದೂ ಇದೇ ಇದೆ. ಒಂದಕ್ಷರ ಬದಲಿಲ್ಲ. ಹೆಸರು ಮಾತ್ರ ಓದ್ಲಾ?"

"ಯಾಕೆ, ಅವರು ತಂದಿದ್ದು ಹಗುರವಾ?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

"ಮೂರನೆಯವನ ತಟ್ಟೆ ತೂಕ ಎಷ್ಟು?"

"ನೂರ ಮೂವತ್ತು."

"ಬರೆದಿದೆಯಾ?"

"ಬರೆದಿದೆ."

"ಬರೆಸಿದವನಿಗೆ ಬೇಜಾರಾಗಿಲ್ಲ. ಓದಮ್ಮಾ."

ಓದಿದೆ. ಮೂರನೆಯವನದನ್ನು ಸ್ವಲ್ಪ ಸಿಡಿಮಿಡಿಯಲ್ಲೇ. ನಾಲ್ಕನೆಯ ದಿನ ರೂಬೇನ್ ಕುಲ. ಟೀಚರ್ ಬೆರಳೆತ್ತಿದರು. "ಯಾಕೋಬನ ಹಿರೀ ಮಗ ಅಲ್ವಾ ರೂಬೇನ? ಅವನ ಕುಲಕ್ಕೆ ನಾಲ್ಕನೇ ಸರದಿ. ಇನ್ನೂ ಭಾರದ ತಟ್ಟೆ ತಂದು ತೋರಿಸಬಹುದಿತ್ತು. ತರಲಿಲ್ಲ ನೋಡು." ಇದು ನನಗೆ ಹೊಳೆದೇ ಇರಲಿಲ್ಲ. ಒಂದು ದಿನ ಒಬ್ಬ ಇಷ್ಟು ಕೊಟ್ಟ ಅಂತ ಇಡೀ ಪಾಳೆಯಕ್ಕೆ ಗೊತ್ತಾದ ಮೇಲೆ ಮರುದಿನ ಬರುವವನಿಗೆ ಒಂದು ಶೆಕೆಲ್ ಹೆಚ್ಚು ಹಾಕಬೇಕು ಅನ್ನಿಸುವುದು ಸಹಜ ತಾನೇ? ಹನ್ನೆರಡು ದಿನ ಹನ್ನೆರಡು ಜನ ಹಾಗೆ ಮಾಡದೆ ಇದ್ದದ್ದು ಸಣ್ಣ ಮಾತಲ್ಲ.

ಐದು, ಆರು, ಏಳು. ಅಷ್ಟರಲ್ಲಿ ಅವರ ತುಟಿಯೂ ಅಲುಗಾಡತೊಡಗಿತು. ನಾನು "ಒಂದು ಬೆಳ್ಳಿ" ಅಂದರೆ ಅವರು "ತಟ್ಟೆ" ಅನ್ನುತ್ತಿದ್ದರು. "ಐದು ಟಗರು" ಅಂದರೆ "ಐದು ಹೋತ". ಭಾನುವಾರ ಶಾಲೆಯಲ್ಲಿ ನಮ್ಮಿಂದ ಮಗ್ಗಿಯ ಹಾಗೆ ವಚನ ಹೇಳಿಸುತ್ತಿದ್ದರಲ್ಲ, ಅದೇ ರಾಗ. ಎಂಟನೆಯ ದಿನದ ಹೊತ್ತಿಗೆ ನಾನು ಪುಸ್ತಕ ನೋಡುತ್ತಿರಲಿಲ್ಲ, ಹೆಸರಿಗೆ ಮಾತ್ರ ಕಣ್ಣು ಹಾಯಿಸುತ್ತಿದ್ದೆ. ತಲೆನೋವು ಯಾವಾಗ ಹೋಯಿತೋ, ಅಥವಾ ಹೋಯಿತೋ ಇಲ್ಲವೋ, ನೆನಪಿಲ್ಲ.

ಹನ್ನೆರಡನೆಯ ದಿನ ನಫ್ತಾಲಿ ಕುಲದ ಅಹೀರ. "ಪಾಪ, ಇವನು ಬರೋ ಹೊತ್ತಿಗೆ ನೋಡೋಕೂ ಯಾರೂ ನಿಂತಿರಲಿಕ್ಕಿಲ್ಲ" ಅಂದರು ಟೀಚರ್. "ಹನ್ನೊಂದು ದಿನ ನೋಡಿ ಆಗಿದೆಯಲ್ಲ. ಆದರೂ ಇವನ ತಟ್ಟೆಯನ್ನೂ ತೂಗಿದ್ದಾರೆ."

ಆಮೇಲೆ ಒಟ್ಟು ಲೆಕ್ಕ. ಬೆಳ್ಳಿ 2400 ಶೆಕೆಲ್, ಚಿನ್ನ 120. ಮುಗಿಯಿತು ಅಂದುಕೊಂಡೆ. ಇನ್ನೂ ಒಂದು ವಚನ ಉಳಿದಿತ್ತು, 89ನೆಯದು. ಮೋಶೆ ಗುಡಾರದೊಳಗೆ ಹೋದಾಗ ಮಂಜೂಷ ಅನ್ನುವ ಪವಿತ್ರ ಪೆಟ್ಟಿಗೆಯ ಮೇಲಿನ ಕೃಪಾಸನದ ಕಡೆಯಿಂದ, ರೆಕ್ಕೆಯುಳ್ಳ ಎರಡು ಕೆರೂಬಿಗಳ ನಡುವಿನಿಂದ, ತನ್ನ ಜೊತೆ ಮಾತಾಡುವ ದೇವರ ಸ್ವರವನ್ನು ಕೇಳಿದ. ಈ ಅಧ್ಯಾಯವನ್ನು ನಾನು ಹಿಂದೆಯೂ ಓದಿದ್ದೇನೆ, ಅಂದರೆ ಕಣ್ಣಾಡಿಸಿದ್ದೇನೆ. ಈ ವಚನ ಇಲ್ಲಿದೆ ಅಂತ ಗೊತ್ತೇ ಇರಲಿಲ್ಲ.

ಟೀಚರ್ ಅದರ ಬಗ್ಗೆ ಏನೂ ಹೇಳಲಿಲ್ಲ. ನೀರು ಕೇಳಿದರು. ಕುಡಿದು, "ನಾಳೆ ಬೇಗ ಬಾ, ಇವತ್ತು ಒಂದೇ ಅಧ್ಯಾಯ ಆಯ್ತು" ಅಂದರು.

ಹೌದು, ಒಂದೇ ಆಯಿತು. ಅಲ್ಲಿಂದ ನನ್ನ ಓದಿನ ಲೆಕ್ಕ ತಪ್ಪಿತು, ಮತ್ತೆ ಸರಿಹೋಗಿಲ್ಲ. ಈ ಓದುವ ಯೋಜನೆಗಳ ಬಗ್ಗೆ ನನಗೆ ತಕರಾರೇನೂ ಇಲ್ಲ. ಇವುಗಳಲ್ಲಿ ಜಾಸ್ತಿ ಹೆಸರಾದದ್ದು ಸ್ಕಾಟ್ಲೆಂಡಿನ ಡಂಡಿಯ ಸಭಾಪಾಲಕ ರಾಬರ್ಟ್ ಮರ್ರಿ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಗೆ ಮಾಡಿಕೊಟ್ಟದ್ದು. ವರ್ಷಕ್ಕೆ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಇವತ್ತಿಗೂ ಜನ ಬಳಸುತ್ತಾರೆ. ಆದರೆ ಅದರ ಜೊತೆಗೇ ಅವರು ಅಪಾಯಗಳನ್ನೂ ಬರೆದಿದ್ದರು. ಓದು ಬರೀ ಶಾಸ್ತ್ರಕ್ಕೆ ಆಗಬಹುದು, ಇಷ್ಟು ಮುಗಿಸಿದೆ ಅನ್ನುವ ಹೆಮ್ಮೆ ಬರಬಹುದು, ಗಮನವಿಲ್ಲದೆ ಓದಬಹುದು, ಕೆಲವರಿಗೆ ಇದು ಹೊರಲಾರದ ನೊಗವೂ ಆಗಬಹುದು ಅಂತ. ಮರುವರ್ಷವೇ, 29ನೇ ವಯಸ್ಸಿಗೆ ತೀರಿಕೊಂಡರು. ಈಗ ಆ ಪಟ್ಟಿಯನ್ನು ಹಂಚುವವರಲ್ಲಿ ಎಚ್ಚರಿಕೆಯನ್ನೂ ಹಂಚುವವರು ಕಡಿಮೆ.

ಆ ಸಂಜೆ ನನ್ನಲ್ಲಿ ಏನಾದರೂ ಬದಲಾಯಿತೇ ಅಂತ ಕೇಳಿದರೆ ದೊಡ್ಡದಾಗಿ ಹೇಳುವಂಥದ್ದಿಲ್ಲ. ಒಂದು ಸಣ್ಣದನ್ನು ಹೇಳಬಹುದು. ನಮ್ಮ ಸಭೆಯಲ್ಲಿ ಒಬ್ಬ ಅಮ್ಮ ಇದ್ದಾರೆ. ಆರಾಧನೆ ಮುಗಿದ ಕೂಡಲೇ ಯಾರು ಸಿಗುತ್ತಾರೋ ಅವರ ಕೈ ಹಿಡಿದು ಮಗನ ವಿಷಯ ಶುರುಮಾಡುತ್ತಾರೆ. ಮಾತು ಬಿಟ್ಟಿದ್ದು, ಮನೆ ಬಿಟ್ಟು ಹೋಗಿದ್ದು, ಒಂದು ಫೋನೂ ಇಲ್ಲದ್ದು. ಪ್ರತಿ ವಾರ ಅದೇ, ಅದೇ ಕ್ರಮದಲ್ಲಿ. ಅವರು ಬರುವುದು ಕಂಡರೆ ಪಕ್ಕದ ಬಾಗಿಲಿಂದ ಜಾರಿಕೊಳ್ಳುವವರಲ್ಲಿ ನಾನು ಒಬ್ಬಳೇ ಅಲ್ಲ. ಆ ಭಾನುವಾರ ನಿಂತೆ. ಮಾತು ಬಿಟ್ಟ ಕಥೆ ಆಯಿತು, ಮನೆ ಬಿಟ್ಟ ಕಥೆ ಆಯಿತು, ಫೋನಿನ ಕಥೆಯೂ ಆಯಿತು. ನಾನು ಇಲ್ಲಿಯವರೆಗೆ ಕೇಳಿದ್ದು ಅಷ್ಟೇ. ಅವರು ನಿಲ್ಲಿಸಲಿಲ್ಲ. "ತಪ್ಪು ಪೂರ್ತಿ ಅವನದ್ದಲ್ಲಮ್ಮ" ಅಂದರು. ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದು ಅವರದ್ದು. ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಪ್ರಾರ್ಥನೆ ಮಾಡಿದೆವು. ಸುಮ್ನೆ, ಚಿಕ್ಕದಾಗಿ.

ಮುಂದಿನ ವಾರ ಮತ್ತೆ ಅದೇ ಕಥೆ, ಮೊದಲಿನಿಂದ. ಬೇಸರವೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನಿಂತೆ. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನಾಗುವನು ಅಂತ ಯೇಸು ಹೇಳಿದ ಮಾತು ಲೂಕ 16ರಲ್ಲಿದೆ. ಚಿಕ್ಕಂದಿನಲ್ಲಿ ಟೀಚರ್ ಅದನ್ನು ಬಾಯಿಪಾಠ ಮಾಡಿಸಿದ್ದರು. ನಾನು ಯಾವಾಗಲೂ 'ಬಹಳ'ದ ಕಡೆಗೇ ನೋಡುತ್ತಿದ್ದೆ. 'ಸ್ವಲ್ಪ' ಅಂದರೆ ಅಲ್ಲಿಗೆ ಹೋಗುವ ಮೆಟ್ಟಿಲು ಅಂತ. ಈಗ ಅನ್ನಿಸುತ್ತದೆ, ನಮ್ಮಂಥ ಹೆಚ್ಚಿನವರ ಪಾಲಿಗೆ ಬರುವುದು ಸ್ವಲ್ಪವೇ. ಅದೂ ಪದೇಪದೇ, ಅದೇ ತೂಕದಲ್ಲಿ.

ಒಮ್ಮೆ ಟೀಚರ್ ಹತ್ತಿರ ಆ ಒಡಂಬಡಿಕೆ ಪ್ರಾರ್ಥನೆಯ ವಿಷಯ ತೆಗೆದೆ. ಬದಿಗಿಡು ಅನ್ನುವ ಸಾಲು ನಿಮಗೆ ಹೇಗನ್ನಿಸುತ್ತದೆ ಅಂತ. ಕೇಳಬಾರದಿತ್ತೇನೋ. ಅವರು ನನ್ನ ಪಕ್ಕದ ಗೋಡೆಯನ್ನು ನೋಡಿದರು. "ಮೊದಲು ಸಿಟ್ಟು ಬಂತು. ನಾನೇನು ಕೆಟ್ಟುಹೋದ ಸಾಮಾನಾ ಅಂತ ದೇವರನ್ನೇ ಕೇಳಿದೆ. ಉತ್ತರ ಬರಲಿಲ್ಲ. ನೀನು ಬಂದೆ. ಅಂಥಾ ಒಳ್ಳೇ ಉತ್ತರ ಏನಲ್ಲ, ಓದೋವಾಗ ಪದ ನುಂಗ್ತೀಯ" ಅಂದರು.

ಕಾಗದ ಇನ್ನೂ ನನ್ನ ಬೈಬಲಿನಲ್ಲಿದೆ. ಶುಕ್ರವಾರದ ಉಪವಾಸ ನಡೆಯುತ್ತಿದೆ. ಬೇಗ ಏಳುವುದು ಒಂದೊಂದು ದಿನ. ದಶಾಂಶ ಪರವಾಗಿಲ್ಲ. ಯಾವುದನ್ನೂ ಹೊಡೆದುಹಾಕಿಲ್ಲ, ಹೊಸದಾಗಿ ಏನನ್ನೂ ಸೇರಿಸಿಯೂ ಇಲ್ಲ. ಇಡೀ ಬೈಬಲ್ ಈ ವರ್ಷಕ್ಕೆ ಮುಗಿಯುವ ಲಕ್ಷಣ ಇಲ್ಲ. ಟೀಚರ್‌ಗೆ ಅವಸರವೂ ಇಲ್ಲ.

ನನಗೆ ಹೋಗಲಾಗದ ದಿನಗಳಿಗೆ ಈಗ ಯೌವನಸ್ಥರ ಕೂಟದ ಒಬ್ಬ ಹುಡುಗ ಸಿಕ್ಕಿದ್ದಾನೆ. ಚುರುಕಾಗಿ ಓದುತ್ತಾನೆ, ಟೀಚರ್ ಅವನನ್ನು ತಡೆದು ತಡೆದು ನಿಲ್ಲಿಸುತ್ತಾರೆ. ಪೂರ್ವಕಾಲವೃತ್ತಾಂತದ ಮೊದಲ ಭಾಗ ಬಂದಾಗ ಅವನೇ ಓದಬೇಕು, ಒಂದು ಹೆಸರನ್ನೂ ಬಿಡಬಾರದು ಅಂತ ಈಗಲೇ ಮಾತು ತೆಗೆದುಕೊಂಡಿದ್ದಾರೆ. ಅವನು ಅದನ್ನು ತೆಗೆದು ನೋಡಿ ಗಾಬರಿಯಾಗಿ ನನಗೆ ಫೋನ್ ಮಾಡಿದ.

"ಅಕ್ಕಾ, ನಿಜವಾಗ್ಲೂ ಒಂಬತ್ತು ಅಧ್ಯಾಯ ಬರೀ ಹೆಸರುಗಳಾ?"

ಹೆಚ್ಚು ಕಡಿಮೆ ಹೌದು ಅಂದೆ. ನಾಲ್ಕನೇ ಅಧ್ಯಾಯದ ಹೆಸರುಗಳ ಮಧ್ಯೆ ಎರಡೇ ಎರಡು ವಚನದಲ್ಲಿ ಯಾಬೇಚ ಅನ್ನುವವನ ಪ್ರಾರ್ಥನೆ ಇದೆ ಅಂತ ಹೇಳಲಿಲ್ಲ. ಓದುತ್ತಾ ಹೋಗಲಿ, ಸಿಗುತ್ತದೆ.